ಮನೆಯಲ್ಲಿ ಮುದ್ರಿಸಿದ ಹಾಡು: ಧ್ವನಿದೋಷಗಳೂ ಅವುಗಳ ಪರಿಹಾರವೂ

ಬರೆಹವು ಮಾತನ್ನು ಉಳಿಸಬಲ್ಲುದು, ಕಂಠವನ್ನು ಉಳಿಸಲಾರದು. ಓಲೆಗರಿಯ ಮೇಲೆ ನಿಂತ ಪದ್ಯದ ಅಕ್ಷರ, ಛಂದಸ್ಸು, ಅಲಂಕಾರಗಳು ಶತಮಾನಗಳನ್ನು ದಾಟಿ ನಮ್ಮ ಕೈಸೇರಿವೆ. ಆದರೆ ಆ ಪದ್ಯವನ್ನು ವಾಚಿಸಿದವರ ಶಾರೀರವು ಎಂತಿದ್ದಿತು, ಯಾವ ಅಕ್ಷರದ ಮೇಲೆ ಅವರು ನಿಲ್ಲುತ್ತಿದ್ದರು ಎಂಬುದನ್ನು ತಿಳಿಯುವ ಉಪಾಯವಿಲ್ಲ. ೧೯೦೨ರ ನವೆಂಬರ್ ತಿಂಗಳಲ್ಲಿ ಗೌಹರ್ ಜಾನ್ ಅವರು ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಗಾಗಿ ಹಾಡಿದರು. ಮುಂದೆ ಮೈಸೂರು ಅರಮನೆಯ ಆಶ್ರಯವನ್ನು ಪಡೆದು ೧೯೩೦ರಲ್ಲಿ ಮೈಸೂರಿನಲ್ಲಿಯೇ ಕಾಲವಾದ ಆ ಗಾಯಕಿಯ ಕಂಠವು ಇಂದಿಗೂ ನಮ್ಮ ಕಿವಿಗೆ ಲಭ್ಯವಿದೆ. ಅವರಿಗಿಂತ ಹಿಂದಿನವರ ಗಾಯನವನ್ನು ನಾವು ವರ್ಣನೆಗಳಿಂದಲೇ ಊಹಿಸಿಕೊಳ್ಳಬೇಕಾಗಿದೆ.

ಅಂದು ಒಂದು ದೊಡ್ಡ ಕಂಪನಿಗೆ ಮಾತ್ರ ಸಾಧ್ಯವಾಗಿದ್ದ ಈ ಕಾರ್ಯವು ಇಂದು ಪ್ರತಿಯೊಂದು ಮನೆಯಲ್ಲಿಯೂ ಸಾಧ್ಯವಾಗಿದೆ. ಒಂದು ಸಾಧಾರಣ ಮೈಕು, ಒಂದು ಕಂಪ್ಯೂಟರು, ಹಣ ಕೊಡದೆ ದೊರೆಯುವ ಆಡಾಸಿಟಿಯಂತಹ ಒಂದು ತಂತ್ರಾಂಶ, ಇಷ್ಟಿದ್ದರೆ ಸಾಕು. ಹಳೆಯ ವಿದ್ಯಾರ್ಥಿಗಳು ತಾವು ಕಲಿತ ಪ್ರಾರ್ಥನೆಯನ್ನು, ಮನೆಯ ಹಿರಿಯರು ಹಾಡುವ ಪದಗಳನ್ನು, ನಿವೃತ್ತರಾದ ಸಂಗೀತದ ಗುರುಗಳ ಗಾಯನವನ್ನು ಹೀಗೆ ಮುದ್ರಿಸಿಕೊಳ್ಳುವುದುಂಟು. ಇದು ಶ್ಲಾಘ್ಯವಾದ ಉದ್ಯಮ. ಆದರೆ ಮುದ್ರಿಸುವಾಗ ಸರಿಯಾಗಿಯೇ ಇದ್ದಂತೆ ತೋರಿದ ಹಾಡು, ಕಡತವಾಗಿ ಹೊರಬಂದ ಮೇಲೆ ಒಡೆದಂತೆ ಕೇಳುವುದು, ಶ್ರುತಿ ತಪ್ಪುವುದು, ಕ್ಷೀಣವಾಗುವುದು, ಕೆಲವೊಮ್ಮೆ ಅರ್ಧಕ್ಕೆ ಮೊಟಕಾಗುವುದು ಪ್ರಾಯಶಃ ಎಲ್ಲರ ಅನುಭವ. ಈ ದೋಷಗಳು ಏಕೆ ಹುಟ್ಟುತ್ತವೆ, ಅವುಗಳನ್ನು ಹೇಗೆ ನೀಗಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೂರು ಘಟ್ಟಗಳು

ಮನೆಯ ಧ್ವನಿಮುದ್ರಣದಲ್ಲಿ ಮೂರು ಘಟ್ಟಗಳಿವೆ. ಮೊದಲನೆಯದು ಹಾಡನ್ನು ಮೈಕಿನ ಮೂಲಕ ಹಿಡಿಯುವುದು. ಎರಡನೆಯದು ಹಿಡಿದುದನ್ನು ಪರಿಷ್ಕರಿಸುವುದು. ಕಂಠ, ತಂಬೂರಿ, ತಬಲಗಳ ಪ್ರಮಾಣವನ್ನು ಹೊಂದಿಸುವ ಮಿಕ್ಸಿಂಗ್ ಮತ್ತು ಇಡೀ ಹಾಡಿಗೆ ಕೊನೆಯ ಸಂಸ್ಕಾರವನ್ನು ಕೊಡುವ ಮಾಸ್ಟರಿಂಗ್ ಇವೆರಡೂ ಇದರಲ್ಲಿ ಅಡಕವಾಗಿವೆ. ಮೂರನೆಯದು ಪರಿಷ್ಕೃತವಾದ ಹಾಡನ್ನು ಒಂದು ಕಡತವಾಗಿ ಹೊರತೆಗೆಯುವುದು. ಇದಕ್ಕೆ ಎಕ್ಸ್‌ಪೋರ್ಟ್ ಎಂದು ಹೆಸರು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಕ್ರಮವು ಹೊಸದಲ್ಲ. ಲಿಪಿಕಾರನು ಬರೆಯುತ್ತಾನೆ, ಸಂಪಾದಕನು ಪರಿಷ್ಕರಿಸುತ್ತಾನೆ, ಮುದ್ರಕನು ಅಚ್ಚುಹಾಕುತ್ತಾನೆ. ಲಿಪಿಕಾರನು ಬಿಟ್ಟುಹೋದ ಸಾಲನ್ನು ಮುದ್ರಕನು ತುಂಬಲಾರನು. ಇಲ್ಲಿಯೂ ಅದೇ ನ್ಯಾಯ. ಹೊರಬಂದ ಕಡತದಲ್ಲಿ ದೋಷವು ಕೇಳಿಸಿತೆಂದ ಮಾತ್ರಕ್ಕೆ ಅದು ಆ ಘಟ್ಟದಲ್ಲಿಯೇ ಹುಟ್ಟಿತೆಂದು ಭಾವಿಸಲಾಗದು. ದೋಷವು ಯಾವ ಘಟ್ಟದಲ್ಲಿ ಹುಟ್ಟಿತೋ ಆ ಘಟ್ಟಕ್ಕೇ ಹಿಂದಿರುಗಿ ಅದನ್ನು ತಿದ್ದಬೇಕು. ಮುಂದೆ ಹೇಳುವುದೆಲ್ಲವೂ ಈ ಒಂದು ಸೂತ್ರದ ವಿವರಣೆಯೇ ಆಗಿದೆ.

ಒಡೆದ ಧ್ವನಿ

ದೋಷಗಳಲ್ಲಿ ಅತ್ಯಂತ ಸಾಮಾನ್ಯವಾದುದೂ ಅತ್ಯಂತ ಹಾನಿಕರವಾದುದೂ ಧ್ವನಿಯ ಒಡಕು. ಇದಕ್ಕೆ ಕ್ಲಿಪಿಂಗ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಧ್ವನಿಯ ಮಟ್ಟವನ್ನು ಅಳೆಯುವ ಮಾನದಂಡದಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಮೇಲ್ಛಾವಣಿ. ಉಳಿದೆಲ್ಲ ಮಟ್ಟಗಳೂ ಅದರ ಕೆಳಗೆ ಮೈನಸ್ ಸಂಖ್ಯೆಗಳಾಗಿರುತ್ತವೆ. ಗಾಯಕನು ತಾರಸ್ಥಾಯಿಯಲ್ಲಿ ಕಂಠವನ್ನು ಏರಿಸಿದಾಗ ಧ್ವನಿಯ ಅಲೆಯು ಆ ಛಾವಣಿಯನ್ನು ಮೀರಿದರೆ, ಮೀರಿದ ಭಾಗವು ಮುದ್ರಿತವಾಗುವುದೇ ಇಲ್ಲ. ಅಲೆಯ ತಲೆಯು ಸಪಾಟಾಗಿ ಕತ್ತರಿಸಲ್ಪಡುತ್ತದೆ. ಕಿವಿಗೆ ಅದು ಕರ್ಕಶವಾದ ಒಡಕಾಗಿ ಕೇಳುತ್ತದೆ.

ಹೀಗೆ ಕತ್ತರಿಸಿಹೋದುದನ್ನು ಮರಳಿ ತರುವುದು ಸಾಧ್ಯವಿಲ್ಲ. ಒಡಕನ್ನು ತುಂಬುವ ಉಪಕರಣಗಳು ಇವೆಯಾದರೂ ಅವು ಅಕ್ಕಪಕ್ಕದ ಅಲೆಗಳನ್ನು ನೋಡಿ ಊಹೆಯಿಂದ ತುಂಬುವುವೇ ಹೊರತು ಗಾಯಕನು ಹಾಡಿದುದನ್ನು ಮರಳಿಸಲಾರವು. ಹುಳು ತಿಂದ ಓಲೆಯ ಪಾಠವನ್ನು ಸಂಪಾದಕನು ಊಹಿಸಿ ಆವರಣದಲ್ಲಿ ಕೊಡುವಂತೆಯೇ ಇದೂ. ಆದಕಾರಣ ಹಾಡುವ ಮುನ್ನವೇ ಎಚ್ಚರಿಕೆ ಅವಶ್ಯ. ಗಾಯಕರಿಂದ ಅವರ ಅತ್ಯಂತ ಏರುದನಿಯ ಸಾಲನ್ನು ಮೊದಲು ಹಾಡಿಸಿ, ಅಲ್ಲಿಯೂ ಮಟ್ಟವು ಮೈನಸ್ ೧೨ರಿಂದ ಮೈನಸ್ ೬ ಡೆಸಿಬೆಲ್‌ಗಳ ನಡುವೆ ನಿಲ್ಲುವಂತೆ ಮೈಕಿನ ಗೇನನ್ನು ಇಳಿಸಿಡಬೇಕು.

ಧ್ವನಿಯು ಮೆಲ್ಲಗೆ ಮುದ್ರಿತವಾದೀತೆಂಬ ಭಯಕ್ಕೆ ಕಾರಣವಿಲ್ಲ. ೧೬ ಬಿಟ್ಟಿನ ಮುದ್ರಣದಲ್ಲಿ ಅತಿ ಮೆಲುದನಿಗೂ ಅತಿ ಏರುದನಿಗೂ ನಡುವೆ ಸುಮಾರು ೯೬ ಡೆಸಿಬೆಲ್ ಅವಕಾಶವಿದ್ದರೆ, ೨೪ ಬಿಟ್ಟಿನ ಮುದ್ರಣದಲ್ಲಿ ಲೆಕ್ಕದ ಪ್ರಕಾರ ಸುಮಾರು ೧೪೪ ಡೆಸಿಬೆಲ್ ಅವಕಾಶವಿದೆ. ಆದ್ದರಿಂದ ೨೪ ಬಿಟ್ಟಿನಲ್ಲಿ ತುಸು ಮೆಲ್ಲಗೆ ಮುದ್ರಿಸಿ ಅನಂತರ ಏರಿಸಿಕೊಳ್ಳುವುದೇ ಜಾಣತನ.

ಮೂಲದಲ್ಲಿ ಒಡಕಿಲ್ಲದಿದ್ದರೂ ಹೊರತೆಗೆದ ಕಡತದಲ್ಲಿ ಒಡಕು ಬರುವುದುಂಟು. ಕಂಠವು ಮೈನಸ್ ೩ರಲ್ಲಿಯೂ ತಬಲವು ಮೈನಸ್ ೩ರಲ್ಲಿಯೂ ಇದ್ದು, ಎರಡರ ಅಲೆಗಳೂ ಒಂದೇ ಕ್ಷಣದಲ್ಲಿ ಒಂದರ ಮೇಲೊಂದು ಸೇರಿದರೆ ಮೊತ್ತವು ಛಾವಣಿಯನ್ನು ಮೀರುತ್ತದೆ. ತಂತ್ರಾಂಶವು ಒಳಗೆ ೩೨ ಬಿಟ್ಟಿನ ಫ್ಲೋಟ್ ಎಂಬ ಕ್ರಮದಲ್ಲಿ ಲೆಕ್ಕ ಮಾಡುತ್ತಿರುವವರೆಗೂ ಮೀರಿದ ಭಾಗವು ನಷ್ಟವಾಗಿರುವುದಿಲ್ಲ. ಒಟ್ಟು ಮಟ್ಟವನ್ನು ಇಳಿಸಿದರೆ ಸರಿಹೋಗುತ್ತದೆ. ೧೬ ಅಥವಾ ೨೪ ಬಿಟ್ಟಿನ ಕಡತವಾಗಿ ಹೊರತೆಗೆದೊಡನೆ ಆ ಭಾಗವು ಶಾಶ್ವತವಾಗಿ ಹೋಗುತ್ತದೆ. ಆದ್ದರಿಂದ ಎಕ್ಸ್‌ಪೋರ್ಟ್ ಮಾಡುವ ಮುನ್ನ ಹಾಡನ್ನು ಆದ್ಯಂತವಾಗಿ ನುಡಿಸಿ, ಮಟ್ಟಸೂಚಿಯು ಎಲ್ಲಿಯೂ ಕೆಂಪನ್ನು ಮುಟ್ಟಲಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.

ಅಕ್ಷರಗಳ ದೋಷ

ಕನ್ನಡವನ್ನು ಬಲ್ಲವರ ಗಮನವನ್ನು ವಿಶೇಷವಾಗಿ ಸೆಳೆಯುವ ವಿಷಯವಿದು. ಪ, ಫ, ಬ, ಭ ಎಂಬ ಓಷ್ಠ್ಯಾಕ್ಷರಗಳನ್ನು ಉಚ್ಚರಿಸುವಾಗ ತುಟಿಗಳು ಮುಚ್ಚಿ ತೆರೆದು, ಗಾಳಿಯು ರಭಸದಿಂದ ಹೊರನುಗ್ಗುತ್ತದೆ. ಮಹಾಪ್ರಾಣಗಳಲ್ಲಿ ಈ ರಭಸವು ಇನ್ನೂ ಹೆಚ್ಚು. ಆ ಗಾಳಿಯು ನೇರವಾಗಿ ಮೈಕಿಗೆ ಬಡಿದರೆ ‘ಭಕ್ತಿ’ ಎಂಬಲ್ಲಿ ಭಕಾರಕ್ಕೆ ಬದಲಾಗಿ ಒಂದು ಗುದ್ದು ಕೇಳಿಸುತ್ತದೆ. ಮೈಕನ್ನು ಬಾಯಿಗೆ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಓರೆಯಾಗಿ ಇಡುವುದು, ನಡುವೆ ತೆಳುವಾದ ಬಟ್ಟೆಯ ಜಾಲರಿಯನ್ನು ನಿಲ್ಲಿಸುವುದು ಇದಕ್ಕೆ ಉತ್ತಮವಾದ ಪರಿಹಾರ. ಮುದ್ರಣವು ಆಗಿಹೋಗಿದ್ದರೆ ಸುಮಾರು ೮೦ ಹರ್ಟ್ಜ್‌ಗಿಂತ ಕೆಳಗಿನ ನಾದವನ್ನು ತಡೆಯುವ ಹೈಪಾಸ್ ಫಿಲ್ಟರನ್ನು ಕಂಠದ ಟ್ರ್ಯಾಕಿಗೆ ಮಾತ್ರ ಅನ್ವಯಿಸಬಹುದು. ತಂಬೂರಿಗೆ ಅದನ್ನು ಅನ್ವಯಿಸಕೂಡದು. ಬಿಳಿ ಒಂದನೆಯ ಮನೆಯ ಶ್ರುತಿಯಲ್ಲಿ ಮಂದ್ರ ಷಡ್ಜವು ಸುಮಾರು ೬೫ ಹರ್ಟ್ಜ್ ಇರುವುದರಿಂದ, ತಂಬೂರಿಯ ಗಂಭೀರವಾದ ಆಧಾರಸ್ವರವೇ ಸೊರಗಿಹೋದೀತು.

ಶ, ಷ, ಸ ಎಂಬ ಊಷ್ಮಾಕ್ಷರಗಳ ತೊಂದರೆ ಬೇರೆ ಬಗೆಯದು. ಇವುಗಳ ಸೀತ್ಕಾರವು ಹೆಚ್ಚಾಗಿ ೫,೦೦೦ದಿಂದ ೮,೦೦೦ ಹರ್ಟ್ಜ್‌ಗಳ ಆಸುಪಾಸಿನಲ್ಲಿರುತ್ತದೆ. ಇಡೀ ಹಾಡಿನ ಮಟ್ಟವನ್ನು ಏರಿಸಿದಾಗ ಅದು ಕಿವಿಯನ್ನು ಇರಿಯುತ್ತದೆ. ಇದನ್ನು ತಗ್ಗಿಸಲು ಡಿ-ಎಸ್ಸರ್ ಎಂಬ ಉಪಕರಣವಿದೆ. ಆದರೆ ಅದನ್ನು ಮಿತಿಮೀರಿ ಬಳಸಿದರೆ ಶಕಾರ ಸಕಾರಗಳ ಭೇದವೇ ಅಳಿದು, ಗಾಯಕನು ತೊದಲುತ್ತಿರುವಂತೆ ಕೇಳಿಸುತ್ತದೆ. ಶಾಲೆಯಲ್ಲಿ ವರ್ಷಗಟ್ಟಲೆ ತಿದ್ದಿ ತಂದ ಉಚ್ಚಾರವನ್ನು ಯಂತ್ರವು ಒಂದೇ ಗಳಿಗೆಯಲ್ಲಿ ಕೆಡಿಸಬಲ್ಲುದು. ‘ಶಾಂತಿ’, ‘ಸಂತೆ’ ಎಂಬ ಎರಡು ಮಾತುಗಳ ಮೊದಲ ವರ್ಣಗಳು ಬೇರೆ ಬೇರೆಯಾಗಿ ಕೇಳುವವರೆಗೆ ಮಾತ್ರ ಆ ಉಪಕರಣಕ್ಕೆ ಅಧಿಕಾರವನ್ನು ಕೊಡಬೇಕು.

ಗುಂಯ್‌ಗುಡುವಿಕೆಯೂ ಗದ್ದಲವೂ

ನಮ್ಮ ದೇಶದ ವಿದ್ಯುತ್ ಪ್ರವಾಹವು ಸೆಕೆಂಡಿಗೆ ೫೦ ಆವರ್ತಗಳದ್ದು. ಭೂಸಂಪರ್ಕವು ಸರಿಯಿಲ್ಲದ ಕಡೆ ಈ ೫೦ ಹರ್ಟ್ಜ್ ನಾದವೂ ಅದರ ಮಡಿಗಳಾದ ೧೦೦, ೧೫೦ ಹರ್ಟ್ಜ್ ನಾದಗಳೂ ಹಾಡಿನ ಅಡಿಯಲ್ಲಿ ಗುಂಯ್‌ಗುಡುತ್ತವೆ. ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯ ಮೇಲೆ ನಡೆಸಿ ನೋಡಿದರೆ ಅನೇಕ ವೇಳೆ ಈ ಪೀಡೆಯು ಅಲ್ಲಿಗೇ ನಿಲ್ಲುತ್ತದೆ. ಆಗಿಹೋದ ಮುದ್ರಣದಲ್ಲಿ ಆ ಆವರ್ತಗಳನ್ನು ಮಾತ್ರ ತೆಗೆಯುವ ನಾಚ್ ಫಿಲ್ಟರನ್ನು ಬಳಸಬಹುದು. ಆದರೆ ಬಿಳಿ ಒಂದರ ಶ್ರುತಿಯಲ್ಲಿ ತಂಬೂರಿಯ ಮಂದ್ರ ಪಂಚಮವು ಸುಮಾರು ೯೮ ಹರ್ಟ್ಜ್ ಇರುತ್ತದೆ ಎಂಬುದನ್ನು ಮರೆಯಲಾಗದು. ೧೦೦ ಹರ್ಟ್ಜ್‌ನ ಸುತ್ತ ಅಗಲವಾಗಿ ಕತ್ತರಿಸಿದವರು ಗುಂಯ್‌ಗುಡುವಿಕೆಯೊಡನೆ ಪಂಚಮದ ತಂತಿಯನ್ನೂ ಕಿತ್ತಂತಾಗುತ್ತದೆ.

ಫ್ಯಾನಿನ ಸದ್ದು, ಹೊರಗಿನ ಗದ್ದಲ ಮೊದಲಾದುವನ್ನು ಕಳೆಯಲು ನಾಯ್ಸ್ ರಿಡಕ್ಷನ್ ಎಂಬ ಸಾಧನವಿದೆ. ಇದಕ್ಕೆ ಗದ್ದಲದ ಒಂದು ಮಾದರಿಯನ್ನು ತೋರಿಸಬೇಕು. ಆದ್ದರಿಂದ ಹಾಡಿಗೆ ಮುಂಚೆ ಎಲ್ಲರೂ ಸುಮ್ಮನಿದ್ದು ೧೦ ಸೆಕೆಂಡುಗಳ ನಿಶ್ಶಬ್ದವನ್ನು ಮುದ್ರಿಸಿಕೊಳ್ಳಬೇಕು. ಆ ೧೦ ಸೆಕೆಂಡುಗಳಲ್ಲಿ ತಂಬೂರಿಯು ನುಡಿಯುತ್ತಿರಕೂಡದು; ನುಡಿದರೆ ಯಂತ್ರವು ಅದನ್ನೂ ಗದ್ದಲವೆಂದೇ ತಿಳಿದು ಹಾಡಿನುದ್ದಕ್ಕೂ ಅಳಿಸಲು ತೊಡಗುತ್ತದೆ. ಸಾಧನವನ್ನು ಅತಿಯಾಗಿ ಬಳಸಿದರೆ ಕಂಠವು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಅಲ್ಪಸ್ವಲ್ಪ ಗದ್ದಲವು ಉಳಿದರೂ ಬಾಧಕವಿಲ್ಲ, ಕಂಠವು ಕೆಡಬಾರದು.

ಕೋಣೆಯ ಪ್ರತಿಧ್ವನಿಯನ್ನು ಹೀಗೆ ಮುಂದೆ ತೆಗೆಯುವುದು ಬಹು ಕಷ್ಟ. ನುಣುಪಾದ ಟೈಲ್ಸ್ ನೆಲವೂ ಬರಿಗೋಡೆಗಳೂ ಇರುವ ಕೋಣೆಯನ್ನು ಬಿಟ್ಟು, ಹಾಸಿಗೆ, ಬಟ್ಟೆ, ಪುಸ್ತಕಗಳಿರುವ ಕೋಣೆಯನ್ನು ಆರಿಸಿಕೊಳ್ಳಬೇಕು. ನೆಲಕ್ಕೆ ಜಮಖಾನವನ್ನು ಹಾಸಿ, ಗಾಯಕರ ಹಿಂದೆ ಎರಡು ಕಂಬಳಿಗಳನ್ನು ಇಳಿಬಿಟ್ಟರೆ ಬಹಳಷ್ಟು ಪ್ರಯೋಜನವಾಗುತ್ತದೆ.

ಬದಲಾದ ಶ್ರುತಿ, ಕ್ಷೀಣಿಸಿದ ಕಂಠ

ಹೊರಬಂದ ಕಡತದಲ್ಲಿ ಹಾಡು ವೇಗವಾಗಿ, ಎತ್ತರದ ಶ್ರುತಿಯಲ್ಲಿ ಓಡುತ್ತಿದ್ದರೆ ಕಾರಣವು ಸ್ಯಾಂಪಲ್ ದರದಲ್ಲಿದೆ. ಕಂಪ್ಯೂಟರು ಧ್ವನಿಯನ್ನು ಸೆಕೆಂಡಿಗೆ ಇಷ್ಟು ಬಾರಿ ಎಂದು ಅಳೆದು ಸಂಖ್ಯೆಗಳಾಗಿ ಬರೆದಿಡುತ್ತದೆ. ಕಾಂಪ್ಯಾಕ್ಟ್ ಡಿಸ್ಕಿನ ದರವು ೪೪,೧೦೦. ಚಲಚ್ಚಿತ್ರ, ವಿಡಿಯೋಗಳಲ್ಲಿ ರೂಢಿಯಾಗಿರುವ ದರವು ೪೮,೦೦೦. ೪೪,೧೦೦ರಲ್ಲಿ ಅಳೆದುದನ್ನು ಪರಿವರ್ತಿಸದೆ ೪೮,೦೦೦ದ ದರದಲ್ಲಿ ನುಡಿಸಿದರೆ ೫ ನಿಮಿಷದ ಹಾಡು ಸುಮಾರು ೪ ನಿಮಿಷ ೩೬ ಸೆಕೆಂಡುಗಳಲ್ಲಿಯೇ ಮುಗಿಯುತ್ತದೆ. ಶ್ರುತಿಯು ಸುಮಾರು ಒಂದೂವರೆ ಮನೆಯಷ್ಟು ಏರುತ್ತದೆ. ಬಿಳಿ ಒಂದರಲ್ಲಿ ಹಾಡಿದ್ದು ಕಪ್ಪು ಒಂದನ್ನು ದಾಟಿ, ಬಿಳಿ ಎರಡನ್ನು ಮುಟ್ಟದೆ, ಹಾರ್ಮೋನಿಯಮ್ಮಿನ ಯಾವ ಮನೆಗೂ ಕೂಡದಂತಾಗುತ್ತದೆ. ಈ ಲಕ್ಷಣವು ಕಂಡರೆ ರೋಗವು ಇದೇ ಎಂದು ನಿಶ್ಚಯಿಸಬಹುದು. ಮೈಕಿನ ಉಪಕರಣ, ತಂತ್ರಾಂಶದ ಯೋಜನೆ, ಎಕ್ಸ್‌ಪೋರ್ಟ್ ಈ ಮೂರರಲ್ಲಿಯೂ ಮೊದಲಿನಿಂದಲೇ ಒಂದೇ ದರವನ್ನು ಇಟ್ಟುಕೊಂಡರೆ ಈ ತೊಡಕೇ ಇರುವುದಿಲ್ಲ.

ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿದ್ದ ಕಂಠವು ಒಂದೇ ಸ್ಪೀಕರಿನ ಫೋನಿನಲ್ಲಿ ಕ್ಷೀಣವಾಗುವುದು ಮತ್ತೊಂದು ಆಶ್ಚರ್ಯ. ಒಬ್ಬನೇ ಗಾಯಕನನ್ನು ಎರಡು ಮೈಕುಗಳಿಂದ ಹಿಡಿದಾಗ ಒಂದರಲ್ಲಿ ಅಲೆಯು ಏರುವ ಹೊತ್ತಿಗೆ ಇನ್ನೊಂದರಲ್ಲಿ ಇಳಿಯುತ್ತಿದ್ದರೆ, ಎರಡನ್ನೂ ಕೂಡಿಸಿದಾಗ ಒಂದನ್ನೊಂದು ಅಳಿಸುತ್ತವೆ. ಹಾಡನ್ನು ಹೊರತೆಗೆಯುವ ಮುನ್ನ ಒಮ್ಮೆ ಮೋನೋ ಕ್ರಮದಲ್ಲಿ ಕೇಳಿ ನೋಡಿದರೆ ಇದು ತಿಳಿಯುತ್ತದೆ. ಒಂದು ಟ್ರ್ಯಾಕನ್ನು ತಲೆಕೆಳಗು ಮಾಡುವ ಇನ್ವರ್ಟ್ ಆಜ್ಞೆಯಿಂದ ಕೆಲವೊಮ್ಮೆ ಸರಿಹೋಗುತ್ತದೆ. ಒಬ್ಬ ಗಾಯಕನಿಗೆ ಒಂದೇ ಮೈಕನ್ನು ಇಡುವುದು ಅದಕ್ಕಿಂತಲೂ ಮೇಲು.

ಹಾಡಿನ ಒಂದು ಭಾಗವೇ ಕಡತದಲ್ಲಿ ಇಲ್ಲದಿದ್ದರೆ ಗಾಬರಿಯಾಗಬೇಕಾಗಿಲ್ಲ. ಆಯ್ದ ಭಾಗವನ್ನು ಮಾತ್ರ ಹೊರತೆಗೆದಿರಬಹುದು, ಇಲ್ಲವೇ ತಬಲದ ಟ್ರ್ಯಾಕು ಮ್ಯೂಟ್ ಆಗಿಯೇ ಉಳಿದಿರಬಹುದು. ತಂಬೂರಿಯ ಕೊನೆಯ ಝೇಂಕಾರವು ಮೊಟಕಾಗದಂತೆ ಹಾಡು ಮುಗಿದ ಮೇಲೆ ೩-೪ ಸೆಕೆಂಡುಗಳ ಅವಕಾಶವನ್ನು ಬಿಡಬೇಕು. ಎರಡು ತುಣುಕುಗಳನ್ನು ಜೋಡಿಸಿದ ಕಡೆ ‘ಟಿಕ್’ ಎಂಬ ಸದ್ದು ಬಂದರೆ ಆ ಸಂಧಿಯಲ್ಲಿ ಒಂದು ಕಿರಿದಾದ ಕ್ರಾಸ್‌ಫೇಡನ್ನು ಹಾಕಿದರೆ ಸಾಕು.

ಗಟ್ಟಿದನಿಯ ಮೋಹ

ಮಾಸ್ಟರಿಂಗ್ ಎಂದರೆ ಹಾಡನ್ನು ಆದಷ್ಟೂ ಗಟ್ಟಿಯಾಗಿಸುವುದು ಎಂಬ ತಪ್ಪು ತಿಳಿವಳಿಕೆಯು ಎಲ್ಲೆಲ್ಲಿಯೂ ಹರಡಿದೆ. ಒಂದೇ ಹಾಡನ್ನು ಎರಡು ಮಟ್ಟಗಳಲ್ಲಿ ಕೇಳಿಸಿದರೆ ಗಟ್ಟಿಯಾದುದೇ ಉತ್ತಮವೆಂದು ಕಿವಿಯು ಮೋಸಹೋಗುವುದು ಸಹಜ. ಈ ಮೋಹದಿಂದ ೧೯೯೦ರ ದಶಕದಿಂದ ಮುಂದೆ ಪಾಶ್ಚಾತ್ಯ ಸಂಗೀತದ ಡಿಸ್ಕುಗಳಲ್ಲಿ ಒಂದು ಪೈಪೋಟಿಯೇ ನಡೆಯಿತು. ೨೦೦೮ರಲ್ಲಿ ಅಮೆರಿಕದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಹೊರಬಂದಾಗ, ಗಟ್ಟಿತನಕ್ಕಾಗಿ ಧ್ವನಿಯನ್ನು ಒಡೆಯಲಾಗಿದೆಯೆಂದು ಆ ತಂಡದ ಅಭಿಮಾನಿಗಳೇ ಆಕ್ಷೇಪಿಸಿದರು. ಅದೇ ಹಾಡುಗಳು ಒಂದು ವಿಡಿಯೋ ಆಟದಲ್ಲಿ ಅಷ್ಟು ಗಟ್ಟಿಯಿಲ್ಲದೆ ಬಂದು ಹೆಚ್ಚು ಇಂಪಾಗಿ ಕೇಳಿದುವೆಂದು ಅವರು ತೋರಿಸಿಕೊಟ್ಟರು.

ಇಂದು ಆ ಪೈಪೋಟಿಗೆ ಅರ್ಥವೂ ಉಳಿದಿಲ್ಲ. ಕಿವಿಗೆ ತೋರುವ ಗಟ್ಟಿತನವನ್ನು ಅಳೆಯುವ ಕ್ರಮವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ೨೦೦೬ರಲ್ಲಿ ಮೊದಲು ಪ್ರಕಟಿಸಿತು. ಈ ಮಾನಕ್ಕೆ ಲಫ್ಸ್ ಎಂದು ಹೆಸರು. ಸ್ಪಾಟಿಫೈ ಸಂಸ್ಥೆಯು ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ ೧೪ ಲಫ್ಸ್ ಮಟ್ಟಕ್ಕೆ ಹೊಂದಿಸಿ ಕೇಳಿಸುತ್ತದೆ. ಯೂಟ್ಯೂಬ್ ಕೂಡ ಅತಿ ಗಟ್ಟಿಯಾದುದನ್ನು ತಾನೇ ತಗ್ಗಿಸುತ್ತದೆ. ಹೀಗಿರುವಲ್ಲಿ ನಾವು ಹಾಡನ್ನು ಹಿಂಡಿ ಹಿಂಡಿ ಗಟ್ಟಿಮಾಡಿದರೆ ಅವರು ಅದನ್ನು ತಗ್ಗಿಸುತ್ತಾರೆ. ಗಟ್ಟಿತನವು ಹೋಗುತ್ತದೆ, ಹಿಂಡಿದ ಗಾಯವು ಉಳಿಯುತ್ತದೆ.

ನಮ್ಮ ಸಂಗೀತಕ್ಕೆ ಈ ಹಾನಿಯು ಇನ್ನೂ ದೊಡ್ಡದು. ಮಂದ್ರದಲ್ಲಿ ಮೆಲ್ಲನೆ ಮೊದಲಾಗಿ ತಾರಕ್ಕೆ ಏರಿ ಇಳಿಯುವ ಆಲಾಪದ ಸೊಗಸು ಆ ಏರಿಳಿತದಲ್ಲಿಯೇ ಇದೆ. ಮೆಲುದನಿಯೂ ಏರುದನಿಯೂ ಸಮಸಮವಾದರೆ ರಾಗವಿದ್ದೂ ಭಾವವಿಲ್ಲ. ಕಂಪ್ರೆಸರನ್ನು ಬಳಸುವುದಾದರೆ ೨:೧ರ ಪ್ರಮಾಣದಲ್ಲಿ, ಏರಿದ ಕಡೆ ೨-೩ ಡೆಸಿಬೆಲ್ ಮಾತ್ರ ತಗ್ಗುವಂತೆ ಬಳಸಿದರೆ ಸಾಕು. ಕೊನೆಯಲ್ಲಿ ಲಿಮಿಟರಿನ ಛಾವಣಿಯನ್ನು ಸೊನ್ನೆಯಲ್ಲಿಡದೆ ಮೈನಸ್ ೧ ಡೆಸಿಬೆಲ್‌ನಲ್ಲಿಡಬೇಕು. ಎಂ.ಪಿ.೩ಯಂತಹ ರೂಪಕ್ಕೆ ಪರಿವರ್ತಿಸುವಾಗ ಅಲೆಗಳ ತುದಿಯು ತುಸು ಏರುವುದುಂಟು; ಈ ಅಂತರವು ಅದಕ್ಕಾಗಿ. ೨೪ ಬಿಟ್ಟಿನಿಂದ ೧೬ಕ್ಕೆ ಇಳಿಸುವಾಗ ಡಿದರ್ ಎಂಬ ಸೂಕ್ಷ್ಮ ಸದ್ದನ್ನು ಬೆರೆಸುತ್ತಾರೆ. ಮೆಲುದನಿಗಳು ಒರಟಾಗದಂತೆ ಅದು ಕಾಪಾಡುತ್ತದೆ. ಅದನ್ನು ಕಟ್ಟಕಡೆಗೆ ಒಮ್ಮೆ ಮಾತ್ರ ಬೆರೆಸತಕ್ಕದ್ದು.

ಮೂಲಪ್ರತಿಯ ರಕ್ಷಣೆ

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ವೇವ್ ಎಂಬ ರೂಪದ ಕಡತವು ಧ್ವನಿಯನ್ನು ಇದ್ದಂತೆಯೇ ಇಡುತ್ತದೆ. ಡಿಸ್ಕಿನ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು ೧೦ ಮೆಗಾಬೈಟು ಸ್ಥಳವನ್ನು ಬೇಡುತ್ತದೆ. ೨೦೦೧ರಲ್ಲಿ ಬಂದ ಫ್ಲಾಕ್ ಎಂಬ ರೂಪವು ಏನನ್ನೂ ಕಳೆಯದೆ ಅದನ್ನು ಗಣನೀಯವಾಗಿ ಕಿರಿದುಗೊಳಿಸುತ್ತದೆ. ಎಂ.ಪಿ.೩ ಹಾಗಲ್ಲ. ೧೨೮ ಕಿಲೋಬಿಟ್ಟಿನಲ್ಲಿ ನಿಮಿಷಕ್ಕೆ ಸುಮಾರು ೧ ಮೆಗಾಬೈಟು ಸಾಕಾಗುವುದೇನೋ ನಿಜ; ಆದರೆ ಕಿವಿಗೆ ಗೊತ್ತಾಗಲಾರದೆಂದು ಅದು ಎಣಿಸಿದ ಅಂಶಗಳನ್ನು ಎಸೆದುಬಿಟ್ಟಿರುತ್ತದೆ. ಎಂ.ಪಿ.೩ಯನ್ನು ಮತ್ತೆ ತಿದ್ದಿ ಮತ್ತೆ ಎಂ.ಪಿ.೩ಯಾಗಿ ಹೊರತೆಗೆದರೆ ಪ್ರತಿಬಾರಿಯೂ ಇನ್ನಷ್ಟು ನಷ್ಟವಾಗುತ್ತದೆ. ಎಂ.ಪಿ.೩ಯನ್ನು ವೇವ್ ರೂಪಕ್ಕೆ ತಿರುಗಿಸಿದರೂ ಎಸೆದುದು ಹಿಂದಿರುಗುವುದಿಲ್ಲ.

ಪ್ರತಿಯಿಂದ ಪ್ರತಿಯನ್ನೂ, ಆ ಪ್ರತಿಯಿಂದ ಮತ್ತೊಂದು ಪ್ರತಿಯನ್ನೂ ಮಾಡುತ್ತ ಹೋದಂತೆ ಸ್ಖಾಲಿತ್ಯಗಳು ಬೆಳೆಯುವುದನ್ನು ಹಸ್ತಪ್ರತಿಗಳನ್ನು ನೋಡಿದವರೆಲ್ಲರೂ ಬಲ್ಲರು. ಮೂಲಪ್ರತಿಯು ದೊರೆತರೆ ಶತಮಾನಗಳ ತಪ್ಪನ್ನೂ ತಿದ್ದಬಹುದು. ದೊರೆಯದಿದ್ದರೆ ಪಂಡಿತರ ವಾದವಷ್ಟೇ ಉಳಿಯುತ್ತದೆ. ಧ್ವನಿಮುದ್ರಣಕ್ಕೂ ಈ ಮಾತು ಅಕ್ಷರಶಃ ಸಲ್ಲುತ್ತದೆ. ಮೈಕಿನಿಂದ ಬಂದ ಮೂಲ ಟ್ರ್ಯಾಕುಗಳನ್ನು ತಿದ್ದದೆ, ೨೪ ಬಿಟ್ಟಿನ ವೇವ್ ಅಥವಾ ಫ್ಲಾಕ್ ರೂಪದಲ್ಲಿ, ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಇಡಬೇಕು. ಕಡತದ ಹೆಸರಿನಲ್ಲಿಯೇ ಹಾಡಿದವರ ಹೆಸರು, ಸ್ಥಳ, ದಿನಾಂಕಗಳನ್ನು ಬರೆಯಬೇಕು. ಪರಿಷ್ಕರಣವನ್ನು ಅದರ ನಕಲಿನ ಮೇಲೆಯೇ ಮಾಡತಕ್ಕದ್ದು. ಇತರರಿಗೆ ವಾಟ್ಸಾಪಿನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಕಡತವು ಇದ್ದಂತೆಯೇ ತಲಪುತ್ತದೆ.

ಇಂದು ನಾವು ಬಳಸುವ ಸಾಧನಗಳಿಗಿಂತ ಉತ್ತಮವಾದುವು ನಾಳೆ ಬಂದಾವು. ಆಗ ನಮ್ಮ ಮಕ್ಕಳು ಆ ಮೂಲವನ್ನೇ ಎತ್ತಿಕೊಂಡು ನಮಗಿಂತ ಚೆನ್ನಾಗಿ ಪರಿಷ್ಕರಿಸಬಲ್ಲರು. ಆದರೆ ಗುರುಗಳು ವೃದ್ಧಾಪ್ಯದಲ್ಲಿ ಒಮ್ಮೆ ಹಾಡಿದುದನ್ನು ಮತ್ತೊಮ್ಮೆ ಹಾಡಿಸಿಕೊಳ್ಳುವ ಭಾಗ್ಯವು ಎಲ್ಲರಿಗೂ ದೊರೆಯುವುದಿಲ್ಲ. ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅಧ್ಯಾಪಕ ಮಿತ್ರರಲ್ಲಿಯೂ ನಮ್ಮ ಬಿನ್ನಹವಿಷ್ಟು: ಮನೆಯ ಹಿರಿಯರ ಹಾಡನ್ನು ಈ ವರ್ಷವೇ ಮುದ್ರಿಸಿಕೊಳ್ಳಿರಿ, ಮಟ್ಟವನ್ನು ತುಸು ಇಳಿಸಿಡಿರಿ, ಮೂಲವನ್ನು ಮುಟ್ಟದೆ ಕಾಪಾಡಿರಿ. ಉಳಿದ ದೋಷಗಳನ್ನು ಸಾವಧಾನವಾಗಿ ತಿದ್ದಿಕೊಳ್ಳಬಹುದು.